ಅಪ್ಪನ ಶುಗರ್ ಮಕ್ಕಳ ಮೊಬೈಲಿನಲ್ಲಿ: ಯಾರಿಗೆ ಅಂಕಿ, ಯಾರಿಗೆ ಅಲಾರಂ

ಸಿಂಧನೂರಿನ ಅಪ್ಪನ ತೋಳಿಗೆ ಅಂಟಿಸಿದ, ಶುಗರ್ ಅಳೆಯುವ ಸೆನ್ಸರ್ ತೋರಿಸುವ ಅಂಕಿ ಬೆಂಗಳೂರಿನ ಮಗನಿಗೂ ಬಳ್ಳಾರಿಯ ಮಗಳಿಗೂ ಮನೆಯಲ್ಲೇ ಇರುವ ಸೊಸೆಗೂ ಕಾಣುವಂತೆ ಮಾಡುವುದು ಸುಲಭ. ಅಲಾರಂ ಹೊಡೆದಾಗ ಯಾರು ಏಳಬೇಕು, ಯಾರು ಸುಮ್ಮನಿರಬೇಕು ಎಂದು ಮೊದಲೇ ಮಾತಾಡಿಕೊಳ್ಳದಿದ್ದರೆ ಮೂವರ ನಿದ್ದೆಯೂ ಕೆಡುತ್ತದೆ. ಅಪ್ಪನಿಗೂ ಸದಾ ಯಾರೋ ಕಾವಲು ಕಾಯುತ್ತಿದ್ದಾರೆ ಅನಿಸತೊಡಗುತ್ತದೆ.

ಸೆನ್ಸರ್‌ನಿಂದ ಬ್ಲೂಟೂತ್ ಮೂಲಕ ಅಪ್ಪನ ಫೋನಿಗೆ, ಅಲ್ಲಿಂದ ಇಂಟರ್ನೆಟ್ ಮೂಲಕ ಮಕ್ಕಳ ಫೋನಿಗೆ ಅಂಕಿ ಹೋಗುತ್ತದೆ. ಫೋನ್ ಮನೆಯಲ್ಲಿ ಬಿಟ್ಟು ಗದ್ದೆಗೆ ಹೋದರೆ, ಅಥವಾ ಗದ್ದೆಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ, ಮಗನಿಗೆ ಕಾಣುವುದು ಹಳೆಯ ಅಂಕಿ. ಅಂಕಿಗಿಂತ ಮೊದಲು ಅದರ ಪಕ್ಕದ ಸಮಯ ನೋಡಿ. ಅಲಾರಂ ಬಾರದಿದ್ದರೆ ಎಲ್ಲ ಸರಿಯಿದೆ ಎಂದುಕೊಳ್ಳಬೇಡಿ. ಲಿಬ್ರೆ ಎಂಬ ಬ್ರ್ಯಾಂಡಿನ ಮೊದಲ ತಲೆಮಾರಿನ ಸೆನ್ಸರ್ ತಾನಾಗಿ ಅಲಾರಂ ಕೊಡುವುದೇ ಇಲ್ಲ. ಫೋನ್ ಹಿಡಿದು ಸ್ಕ್ಯಾನ್ ಮಾಡಬೇಕು, ಅದೂ 8 ಗಂಟೆಗೊಮ್ಮೆಯಾದರೂ. ತಪ್ಪಿದರೆ ನಡುವಿನ ದಾಖಲೆ ಅಳಿದುಹೋಗುತ್ತದೆ.

ಖಾತೆ ಅಪ್ಪನ ಹೆಸರಿನಲ್ಲೇ ಇರಲಿ. ಅವರ ಆ್ಯಪ್‌ನಿಂದ ಮನೆಯವರಿಗೆ ಆಹ್ವಾನ ಕಳಿಸಿ. ಲಿಬ್ರೆ ಬಳಸುವವರಾದರೆ ಮಕ್ಕಳು ಲಿಬ್ರೆಲಿಂಕ್‌ಅಪ್ ಎಂಬ ಆ್ಯಪ್ ಹಾಕಿಕೊಂಡು ಅದನ್ನು ಒಪ್ಪಿಕೊಳ್ಳಬೇಕು. ಪಾಸ್‌ವರ್ಡ್ ಹಂಚಬೇಡಿ. ಎಲ್ಲರ ಫೋನಿನಲ್ಲೂ ಬ್ಯಾಟರಿ ಉಳಿಸುವ ಸೆಟ್ಟಿಂಗ್‌ನಿಂದ ಈ ಆ್ಯಪ್ ಹೊರಗಿರಲಿ, ಇಲ್ಲದಿದ್ದರೆ ರಾತ್ರಿ ಫೋನ್ ಅದನ್ನು ಮಲಗಿಸಿಬಿಡುತ್ತದೆ.

ಈಗ ಅಲಾರಂ. ಮನೆಯಲ್ಲಿರುವವರಿಗೆ ಶುಗರ್ 70ಕ್ಕೆ ಇಳಿದಾಗ ಹೊಡೆಯಲಿ. ದೂರದವರ ಆ್ಯಪ್‌ನಲ್ಲಿ ಸಾಧ್ಯವಿರುವಷ್ಟು ಕೆಳಗಿನ ಮಟ್ಟ ಇಡಿ. ಅವರ ಕೆಲಸ ಒಂದೇ, ಮನೆಯವರು ಏಳದಿದ್ದರೆ ಫೋನ್ ಮಾಡಿ ಎಬ್ಬಿಸುವುದು, ಯಾರೂ ಎತ್ತದಿದ್ದರೆ ಪಕ್ಕದ ಮನೆಯವರಿಗೆ ಹೇಳುವುದು. ಹಿರಿಯರಿಗೆ ಊಟದ ಮೇಲೆ 220 ಆಯಿತೆಂದು ದೂರದ ಊರಿನಲ್ಲಿ ಯಾರೂ ಎಚ್ಚರವಾಗಬೇಕಿಲ್ಲ. ಟೈಪ್ 1 ಮಧುಮೇಹ ಇರುವ ಮಗುವಿನ ವಿಷಯ ಬೇರೆ: 250 ದಾಟಿ ಇಳಿಯದೆ ವಾಂತಿ, ಹೊಟ್ಟೆನೋವು ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

70ಕ್ಕಿಂತ ಇಳಿದಾಗ ಮೂರು ಟೀ ಚಮಚ ಸಕ್ಕರೆ, ಅಂದರೆ ಸುಮಾರು 15 ಗ್ರಾಂ, ನೀರಿನಲ್ಲಿ ಕಲಸಿ ಕುಡಿಸಿ. ಪೇಡೆ ಬೇಡ, ಅದರ ಕೊಬ್ಬು ಸಕ್ಕರೆ ಏರುವುದನ್ನು ತಡಮಾಡುತ್ತದೆ. 15 ನಿಮಿಷ ಬಿಟ್ಟು ಬೆರಳು ಚುಚ್ಚಿ ಗ್ಲುಕೋಮೀಟರ್‌ನಲ್ಲೇ ನೋಡಿ, ಇನ್ನೂ 70ಕ್ಕಿಂತ ಕಡಿಮೆ ಇದ್ದರೆ ಅಷ್ಟೇ ಸಕ್ಕರೆ ಮತ್ತೆ ಕೊಡಿ. ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಹಾಗಾಗಿ ಅದು 5ರಿಂದ 15 ನಿಮಿಷ ಹಿಂದಿರುತ್ತದೆ. ಆ ಅಂಕಿಯನ್ನೇ ನಂಬಿ ಮೇಲಿಂದ ಮೇಲೆ ಸಕ್ಕರೆ ಕುಡಿಸಿದರೆ ಒಂದು ಗಂಟೆಯಲ್ಲಿ 300 ಮುಟ್ಟಬಹುದು. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಫೋನ್ ಮಾಡಿ.

ರಾತ್ರಿಯ ಅಲಾರಂಗಳಲ್ಲಿ ಕೆಲವು ಸುಳ್ಳು. ಸೆನ್ಸರ್ ಇರುವ ತೋಳಿನ ಮೇಲೆ ಮಲಗಿದರೆ ಒತ್ತಡಕ್ಕೆ ಅಂಕಿ ದಿಢೀರನೆ ಬೀಳುತ್ತದೆ, ಮಗ್ಗುಲು ಬದಲಿಸಿದ ಸ್ವಲ್ಪ ಹೊತ್ತಿಗೆ ಮೇಲೇಳುತ್ತದೆ. ಎಬ್ಬಿಸಿ ಬೆರಳು ಚುಚ್ಚಿ ನೋಡಿದರೆ ಗೊತ್ತಾಗುತ್ತದೆ. ಮುಂದಿನ ಸೆನ್ಸರನ್ನು ಅವರು ಮಲಗದ ಕಡೆಯ ತೋಳಿಗೆ ಹಾಕಿ. ರಾಯಚೂರಿನ ಬೇಸಿಗೆಯಲ್ಲಿ ಬೆವರಿಗೆ ಅಂಟು ಬಿಡುತ್ತದೆ: ಸ್ಪಿರಿಟ್‌ನಿಂದ ಒರೆಸಿ, ಪೂರ್ತಿ ಒಣಗಿದ ಮೇಲಷ್ಟೇ ಅಂಟಿಸಿ. ಹೊಸ ಸೆನ್ಸರ್ ಪೆಟ್ಟಿಗೆಯನ್ನು ಬಿಸಿಲಿನ ಕಾರಿನಲ್ಲಿ ಬಿಡಬೇಡಿ.

ದೂರದ ಮಕ್ಕಳು ಫೋನ್ ಮಾಡಿದಾಗ ಮೊದಲ ಮಾತೇ ಶುಗರ್ ಆಗದಿರಲಿ. ಅಂಕಿಯ ಮಾತಿಗೆ ವಾರದಲ್ಲಿ ಒಂದು ದಿನ ಇಟ್ಟುಕೊಳ್ಳಿ. ಮದುವೆ ಊಟಕ್ಕೆ ಕೂತಾಗ, "ಇವತ್ತು ನೋಡಬೇಡ್ರಪ್ಪ" ಎಂದು ಹಂಚಿಕೆ ನಿಲ್ಲಿಸುವ ಹಕ್ಕು ಅಪ್ಪನಿಗಿದೆ. ಆ ಹೊತ್ತಿಗೆ ಪಕ್ಕದಲ್ಲಿ ಯಾರಾದರೂ ಇದ್ದರೆ ಸಾಕು. ರಾತ್ರಿ ಏಳುವ ಕೆಲಸವನ್ನು ಸೊಸೆಯೊಬ್ಬಳ ತಲೆಗೆ ಕಟ್ಟಬೇಡಿ, ಮನೆಯಲ್ಲಿರುವ ಉಳಿದವರೂ ಸರದಿ ಹಾಕಿಕೊಳ್ಳಲಿ. ಹಣ್ಣಾದ ಜೀವಕ್ಕೆ ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು 70ರಿಂದ 180ರೊಳಗೆ ಇದ್ದರೆ ಸಾಕು. ಅವರಲ್ಲಿ ಮುಖ್ಯವಾಗಿ ತಪ್ಪಿಸಬೇಕಾದದ್ದು ಇಳಿತ.

ಡಾಕ್ಟರ ಹತ್ತಿರ ಹೋಗುವಾಗ 14 ದಿನದ ವರದಿಯ ಜೊತೆಗೆ ಒಂದು ಚೀಟಿಯೂ ಇರಲಿ: ಯಾವ ದಿನ ಕಳೆ ಕೀಳಲು ಹೋಗಿದ್ದರು, ಯಾವ ದಿನ ಏಕಾದಶಿ ಅಥವಾ ರೋಜಾ, ಯಾವ ಹೊತ್ತು ರೊಟ್ಟಿ ತಡವಾಯಿತು. ಶುಗರ್ ಇಳಿಸುವ ಗ್ಲಿಮೆಪಿರೈಡ್ ಗುಳಿಗೆ ನುಂಗಿ ಊಟ ಬಿಟ್ಟರೂ ಶುಗರ್ ಇಳಿಯುತ್ತದೆ. ಪ್ರಮಾಣವನ್ನು ನೀವೇ ಬದಲಿಸದೆ ಆ ಚೀಟಿಯನ್ನು ಅವರ ಮುಂದಿಡಿ.