ಅಲೆ ಏಳಬೇಕು, ಮೂತಿ ಮುಳುಗಬಾರದು: ವೇಕ್‌ಬೋರ್ಡಿಂಗ್ ದೋಣಿಗೆ ಭಾರ ಹೇರುವುದು ಹೇಗೆ?

ಎತ್ತಿನ ಗಾಡಿಗೆ ಹುಲ್ಲು ಹೇರುವುದನ್ನು ನೋಡಿದವರಿಗೆ ಈ ಲೇಖನದ ಅರ್ಧ ವಿಷಯ ಆಗಲೇ ಗೊತ್ತು. ಹಿಂದೆ ಭಾರ ಜಾಸ್ತಿಯಾದರೆ ಮೂಕಿ ಮೇಲೇಳುತ್ತದೆ. ಮುಂದೆ ಜಾಸ್ತಿಯಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಎಷ್ಟು ಹೇರಿದಿರಿ ಅನ್ನುವುದಕ್ಕಿಂತ ಎಲ್ಲಿ ಹೇರಿದಿರಿ ಅನ್ನುವುದೇ ಮುಖ್ಯ. ದೋಣಿಗೂ ಅದೇ ಲೆಕ್ಕ.

ವೇಕ್‌ಬೋರ್ಡಿಂಗ್ ಅಂದರೆ ಕಾಲಿಗೆ ಹಲಗೆ ಕಟ್ಟಿಕೊಂಡು, ದೋಣಿ ಎಳೆಯುವ ಹಗ್ಗ ಹಿಡಿದು ನೀರಿನ ಮೇಲೆ ಜಾರುವ ಆಟ. ದೋಣಿಯ ಹಿಂದೆ ಎರಡೂ ಬದಿಗೆ ಏಳುವ ಅಲೆಯೇ ವೇಕ್. ಆಟಗಾರನಿಗೆ ಅದೇ ಜಿಗಿಯುವ ದಿಬ್ಬ. ದೋಣಿ ತೂಕವಾದಷ್ಟೂ ನೀರಿನಲ್ಲಿ ಆಳಕ್ಕೆ ಕೂರುತ್ತದೆ, ಅಷ್ಟೂ ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳುತ್ತದೆ, ದಿಬ್ಬ ಎತ್ತರವಾಗುತ್ತದೆ. ಇದಕ್ಕೆಂದೇ ಹೇರುವ ತೂಕಕ್ಕೆ ಬ್ಯಾಲಸ್ಟ್ ಅನ್ನುತ್ತಾರೆ. ಇಲ್ಲಿ ನಾನು ಹೇಳುವುದು ಚೀಲದಲ್ಲಿ ತುಂಬಿದ ನೀರಿನ ಬ್ಯಾಲಸ್ಟ್ ಬಗ್ಗೆ.

ನಾನು ಇದನ್ನು ಕಲಿತದ್ದು ಕ್ಯಾಲಿಫೋರ್ನಿಯಾದ ಡೆಲ್ಟಾದಲ್ಲಿ. ಸ್ಯಾಕ್ರಮೆಂಟೊ ಮತ್ತು ಸ್ಯಾನ್ ವಾಕಿನ್ ನದಿಗಳು ಸೇರಿ ಸಾವಿರ ಕವಲಾಗುವ ಜಾಗ ಅದು. ಬೇ ಏರಿಯಾದ, ಅಂದರೆ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲಿನ ಕನ್ನಡಿಗರಿಗೆ ಡೆಲ್ಟಾದ ಡಿಸ್ಕವರಿ ಬೇ ಊರಿನ ಕಡೆಗೆ ಒಂದು, ಒಂದೂವರೆ ಗಂಟೆ ದಾರಿ. ಅಲ್ಲಿ ದೋಣಿ ಇಳಿಸುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ

ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕ ಮೋಟಾರು ದೋಣಿಗಳಿಗೆ ಚಾಲಕನ ಸೀಟಿನ ಹತ್ತಿರ ಒಂದು ಫಲಕ ಇರಲೇಬೇಕು. ಎಷ್ಟು ಜನ, ಒಟ್ಟು ಎಷ್ಟು ಪೌಂಡು ಅಂತ ಅದರಲ್ಲಿ ಬರೆದಿರುತ್ತದೆ. ನಿಮ್ಮ ದೋಣಿ ಅದಕ್ಕಿಂತ ಉದ್ದವಾಗಿದ್ದು ಫಲಕ ಇಲ್ಲದಿದ್ದರೆ ತಯಾರಕರ ಕೈಪಿಡಿ ನೋಡಿ. ಬ್ಯಾಲಸ್ಟ್ ಕೂಡ ಆ ಅಂಕಿಯ ಒಳಗೇ ಬರಬೇಕು.

ಒಂದು ಉದಾಹರಣೆ. ಫಲಕದಲ್ಲಿ 1,500 ಪೌಂಡು ಇದೆ ಅಂದುಕೊಳ್ಳಿ. ತಲಾ 160ರಂತೆ ಐದು ಜನ ಕೂತರೆ 800 ಪೌಂಡು. ಐಸ್ ಡಬ್ಬ, ಹಲಗೆ, ಹಗ್ಗ, ಚೀಲ ಎಲ್ಲ ಸೇರಿ 150. ಉಳಿದದ್ದು 550 ಪೌಂಡು, ಅಂದರೆ ಸುಮಾರು 250 ಕಿಲೋ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ ಅಲ್ವಾ? ಹಾಗಾಗಿ 250 ಲೀಟರ್ ನೀರು. ಊರಿನಲ್ಲಿ ಮನೆಗೆ ತರಿಸುವ 20 ಲೀಟರ್ ಕ್ಯಾನಿನ ಲೆಕ್ಕದಲ್ಲಿ ಹನ್ನೆರಡೂವರೆ ಕ್ಯಾನು. ಆರನೆಯವರು ಹತ್ತಿದರೆ ನಾಲ್ಕು ಕ್ಯಾನಿನಷ್ಟು ನೀರು ಹೊರಗೆ ಹೋಗಲೇಬೇಕು. ಇದರಲ್ಲಿ ರಾಜಿ ಬೇಡ.

ನೀರೋ, ಸೀಸವೋ

ಸೀಸದ ತುಂಡುಗಳು ಜಾಗ ಕಡಿಮೆ ಹಿಡಿಯುತ್ತವೆ. ಆದರೆ ಹೊಸಬರಿಗೆ ನಾನು ನೀರಿನ ಚೀಲವನ್ನೇ ಹೇಳುತ್ತೇನೆ. ಬೇಡವಾದಾಗ ಪಂಪ್ ಹಾಕಿ ಹೊರಗೆ ಚೆಲ್ಲಬಹುದು. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ದೋಣಿಗೆ ನೀರು ನುಗ್ಗಿದರೆ ನೀರಿನ ಚೀಲ ನೀರಿನಲ್ಲಿ ಭಾರವೇ ಅಲ್ಲ. ಸೀಸ ಹಾಗಲ್ಲ, ದೋಣಿಯನ್ನು ತಳಕ್ಕೆ ಎಳೆಯುತ್ತದೆ.

ತುಂಬುವ ಬಗೆ

ಖಾಲಿ ಚೀಲವನ್ನು ಅದರ ಜಾಗದಲ್ಲಿ ಹಾಸಿ. ಕೆಳಗೆ ಮೊಳೆ, ಸ್ಕ್ರೂ, ಚೂಪಾದ ಅಂಚು ಇದೆಯಾ ಅಂತ ಕೈಯಾಡಿಸಿ ನೋಡಿ. 12 ವೋಲ್ಟಿನ ಪಂಪಿನಿಂದ ನೀರು ಬಿಡಿ. ಚೀಲ ಮೊದಲು ಸುಮ್ನೆ ಮಲಗಿರುತ್ತದೆ, ಆಮೇಲೆ ಮೂಲೆಗಳಲ್ಲಿ ಉಬ್ಬಲು ಶುರುವಾಗುತ್ತದೆ. ಮುಕ್ಕಾಲು ತುಂಬಿದಾಗ ಮೇಲೆ ಕೈಯಿಟ್ಟರೆ ಒಳಗೆ ಗಾಳಿಯ ಗುಳ್ಳೆ ಓಡಾಡುವುದು ಅಂಗೈಗೆ ಗೊತ್ತಾಗುತ್ತದೆ. ಅದನ್ನು ಚಪಾತಿ ಹಿಟ್ಟು ಒತ್ತಿದ ಹಾಗೆ ಬಾಯಿಯ ಕಡೆಗೆ ಒತ್ತಿಕೊಂಡು ಹೋಗಿ, ಪೂರ್ತಿ ಹೊರಹಾಕಿ, ಮತ್ತೆ ನೀರು ತುಂಬಿ ಬಿಗಿಯಾಗಿ ಮುಚ್ಚಿ.

ಈ ಕೆಲಸಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಅರ್ಧ ತುಂಬಿದ ಚೀಲ ತುಂಬ ಅಪಾಯ. ದೋಣಿ ತಿರುಗಿದಾಗ ನೀರೆಲ್ಲ ಒಂದೇ ಬದಿಗೆ ಓಡುತ್ತದೆ, ದೋಣಿ ಇನ್ನಷ್ಟು ವಾಲುತ್ತದೆ. ಕಡಿಮೆ ಭಾರ ಬೇಕಾದರೆ ಚಿಕ್ಕ ಚೀಲ ತನ್ನಿ, ದೊಡ್ಡದನ್ನು ಅರ್ಧ ತುಂಬಬೇಡಿ. ತುಂಬಿದ ಮೇಲೆ ಪಟ್ಟಿ ಹಾಕಿ ಬಿಗಿಯಿರಿ.

ಎಂಜಿನ್ ಪಕ್ಕದ ಡಿಕ್ಕಿಯಲ್ಲಿ ಇಡುವುದಾದರೆ ಉಬ್ಬಿದ ಚೀಲ ಗಾಳಿಯ ಕೊಳವೆಯನ್ನು, ಬ್ಯಾಟರಿ ತಂತಿಯನ್ನು ಒತ್ತದಂತೆ ನೋಡಿಕೊಳ್ಳಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲೇ ಕೂರುತ್ತದೆ. ಆ ಆವಿಯನ್ನು ಹೊರಗೆ ತಳ್ಳುವ ಫ್ಯಾನು, ಅಂದರೆ ಬ್ಲೋವರ್ ಓಡಿಸಿದ ಮೇಲೆಯೇ ಎಂಜಿನ್ ಚಾಲೂ ಮಾಡಿ.

ಎಲ್ಲಿ ಇಡಬೇಕು

ಶುರುವಿಗೆ ಹತ್ತರಲ್ಲಿ ಆರು ಪಾಲು ಹಿಂದೆ, ನಾಲ್ಕು ಪಾಲು ಮುಂದೆ. ಹಿಂದಿನದನ್ನು ಎಡಬಲ ಸಮವಾಗಿ ಹಂಚಿ. ಹಿಂದೆ ಜಾಸ್ತಿಯಾದರೆ ಅಲೆ ಕಡಿದಾಗಿ ಏಳುತ್ತದೆ, ಆದರೆ ಮೂತಿ ಮೇಲೆದ್ದು ಚಾಲಕನಿಗೆ ಮುಂದಿನ ದಾರಿ ಕಾಣುವುದಿಲ್ಲ. ಮುಂದಕ್ಕೆ ಸರಿಸಿದರೆ ಅಲೆ ಇಳಿಜಾರಾಗುತ್ತದೆ. ಕಲಿಯುವವರಿಗೆ ಅದೇ ಒಳ್ಳೆಯದು.

ಮುಂದೆ ಜಾಸ್ತಿ ಇಟ್ಟರೆ ಏನಾಗುತ್ತದೆ ಅನ್ನುವುದನ್ನು ನಾವು ಕಣ್ಣಾರೆ ಕಂಡೆವು. ಆ ದಿನ ಮೂತಿಯಲ್ಲಿ ತುಂಬಿದ ಚೀಲವೂ ಇತ್ತು, ಮೂರು ಜನರೂ ಕೂತಿದ್ದರು. ನೀರಿಗೆ ಬಿದ್ದ ಗೆಳೆಯನನ್ನು ಕರೆದುಕೊಳ್ಳಲು ವೇಗ ಇಳಿಸಿ ತಿರುಗಿದೆ. ನಮ್ಮದೇ ಅಲೆ ಎದುರು ಬಂತು. ಮೂತಿ ಅದರ ಮೇಲೆ ಹತ್ತಲಿಲ್ಲ, ಒಳಗೇ ನುಗ್ಗಿತು. ಮುಂದೆ ಕೂತಿದ್ದ ಹುಡುಗಿಯ ಮೊಣಕಾಲಿನವರೆಗೆ ನೀರು, ಟವೆಲ್, ಚಪ್ಪಲಿ ಎಲ್ಲ ತೇಲಾಡುತ್ತಿದ್ದವು. ಹೊರಹಾಕುವ ಪಂಪ್ ಕೆಲಸ ಮಾಡುತ್ತಿದ್ದುದರಿಂದ ಬಚಾವಾದೆವು. ತಪ್ಪು ನನ್ನದೇ. ಮೂತಿಯಲ್ಲಿ ಚೀಲ ಇದ್ದರೆ ಈಗ ಅಲ್ಲಿ ಯಾರನ್ನೂ ಕೂರಿಸುವುದಿಲ್ಲ. ತಿರುಗುವ ಮೊದಲು ನಮ್ಮ ಅಲೆ ದಾಟಿ ಹೋಗಲು ಬಿಡುತ್ತೇನೆ.

ಓಡಿಸಿ ನೋಡುವುದು

ಒಮ್ಮೆಗೇ ಎಲ್ಲ ಭಾರ ಹೇರಬೇಡಿ. ಮೊದಲು ಖಾಲಿ ದೋಣಿಯಲ್ಲಿ ಓಡಿಸಿ, ಅಲೆ ಹೇಗಿದೆ ನೋಡಿ. ಆಮೇಲೆ ಒಂದೊಂದೇ ಚೀಲ ತುಂಬಿ ಮತ್ತೆ ನೋಡಿ. ವೇಗ ಗಂಟೆಗೆ 18ರಿಂದ 24 ಮೈಲಿ, ಹಗ್ಗ 65ರಿಂದ 75 ಅಡಿ ಸಾಕು. ಆಟಗಾರನನ್ನು ನೋಡಿಕೊಳ್ಳಲು ಚಾಲಕನಲ್ಲದೆ ಇನ್ನೊಬ್ಬರು ದೋಣಿಯಲ್ಲಿರಬೇಕು. ಕ್ಯಾಲಿಫೋರ್ನಿಯಾದಲ್ಲಿ ಇದು ಕಾನೂನು, ಅವರಿಗೆ 12 ವರ್ಷವಾದರೂ ಆಗಿರಬೇಕು. ಅಲೆಯ ಬಗ್ಗೆ ಅವರ ಮಾತೇ ನಂಬಬೇಕಾದ ಮಾತು, ಚಾಲಕನಿಗೆ ಹಿಂದೆ ಕಾಣುವುದಿಲ್ಲ.

ಅಲೆಯ ನೆತ್ತಿ ನುಣುಪಾಗಿರಬೇಕು. ನೆತ್ತಿ ಒಡೆದು ಬಿಳಿ ನೊರೆ ಉರುಳುತ್ತಿದ್ದರೆ ವೇಗವನ್ನು ಗಂಟೆಗೆ ಅರ್ಧದಿಂದ ಒಂದು ಮೈಲಿಯಷ್ಟು ಏರಿಸಿ. ಒಂದೇ ಬದಿ ಒಡೆಯುತ್ತಿದ್ದರೆ ದೋಣಿ ವಾಲಿದೆ ಅಂತ ಅರ್ಥ. ಹಾಗಾದಾಗ ನಾನು ಚೀಲ ಮುಟ್ಟುವುದಕ್ಕೆ ಮುಂಚೆ ಒಬ್ಬರನ್ನು ಸೀಟು ಬದಲಿಸಲು ಹೇಳುತ್ತೇನೆ. ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ.

ಡೆಲ್ಟಾದ ದಡ ಬರೀ ದಡ ಅಲ್ಲ, ಮಣ್ಣಿನ ಒಡ್ಡು. ಅದರ ಆಚೆಯ ಎಷ್ಟೋ ಹೊಲಗಳು ಸಮುದ್ರಮಟ್ಟಕ್ಕಿಂತ ಕೆಳಗಿವೆ. ಭಾರದ ದೋಣಿಯ ಅಲೆ ಆ ಮಣ್ಣನ್ನು ಕೊರೆಯುತ್ತದೆ. ಅಗಲವಾದ ಕವಲಿನ ನಡುವೆಯೇ ಆಡಿ. ದೋಣಿ ಕಟ್ಟಿದ ಜಾಗದಿಂದ 200 ಅಡಿಯೊಳಗೆ ವೇಗ 5 ಮೈಲಿ ದಾಟುವಂತಿಲ್ಲ.

ಖಾಲಿ ಮಾಡುವುದು

2024ರ ಅಕ್ಟೋಬರಿನಲ್ಲಿ ಸ್ಟಾಕ್ಟನ್ ಬಂದರಿನಲ್ಲಿ ಗೋಲ್ಡನ್ ಮಸಲ್ ಅನ್ನುವ ಚಿಪ್ಪುಜೀವಿ ಸಿಕ್ಕಿತು. ಉತ್ತರ ಅಮೆರಿಕದಲ್ಲೇ ಅದು ಮೊದಲ ಸಲ. ಇದರ ಮರಿಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಚೀಲದಲ್ಲಿ ಉಳಿದ ಒಂದು ಲೋಟ ನೀರಿನಲ್ಲೂ ಬೇರೆ ಕೆರೆಗೆ ಹೋಗಿ ನೆಲೆಸಬಲ್ಲವು. ಹಾಗಾಗಿ ನೀರನ್ನು ತುಂಬಿದ ಜಾಗದಲ್ಲೇ ಪಂಪ್ ಮಾಡಿ ಹೊರಹಾಕಿ. ದೋಣಿ ಮೇಲೆ ಬಂದ ಕೂಡಲೇ ತಳದ ಬಿರಡೆ ತೆಗೆಯಿರಿ. ಚೀಲವನ್ನು ಒಂದು ತುದಿಯಿಂದ ಚಾಪೆಯಂತೆ ಸುತ್ತಿಕೊಂಡು ಬಂದರೆ ಮೂಲೆಯಲ್ಲಿ ಅಡಗಿದ ನೀರೂ ಬರುತ್ತದೆ. ಮನೆಯಲ್ಲಿ ಬಾಯಿ ಕೆಳಗೆ ಮಾಡಿ ನೇತುಹಾಕಿ, ಪೂರ್ತಿ ಒಣಗಿದ ಮೇಲೆ ಮಡಿಸಿಡಿ.