ಬೇ ಏರಿಯಾಕ್ಕೆ ಹೊಸಬರೇ, ಜುಲೈ ಬಂದರೆ ಯಹೂದಿ ಚಿತ್ರೋತ್ಸವಕ್ಕೆ ಹೋಗಿ ಬನ್ನಿ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಸನಿವೇಲ್ ಕಡೆ ಹೊಸದಾಗಿ ಮನೆ ಮಾಡಿದವರಿಗೆ ದೇವಸ್ಥಾನ ಎಲ್ಲಿದೆ, ಸೋನಾ ಮಸೂರಿ ಎಲ್ಲಿ ಸಿಗುತ್ತದೆ, ಕನ್ನಡ ಕೂಟದ ಯುಗಾದಿ ಯಾವಾಗ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಸ್ಯಾನ್ ಫ್ರಾನ್ಸಿಸ್ಕೋದ ಯಹೂದಿ ಚಿತ್ರೋತ್ಸವಕ್ಕೆ ಹೋಗಿ ಅಂತ ನನಗೆ ಯಾರೂ ಹೇಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಒಂಬತ್ತು ವರ್ಷ ನಾನು ಆ ಕಡೆ ತಲೆ ಹಾಕಲಿಲ್ಲ. ಅದು ಅವರ ಹಬ್ಬ, ನಮಗೇನು ಅಂದುಕೊಂಡಿದ್ದೆ. ಆ ಒಂಬತ್ತು ವರ್ಷ ಈಗಲೂ ಹೊಟ್ಟೆ ಉರಿಸುತ್ತದೆ. 1980ರಲ್ಲಿ ಡೆಬೊರಾ ಕಾಫ್‌ಮನ್ ಅನ್ನುವವರು ಶುರು ಮಾಡಿದ ಉತ್ಸವ ಇದು. ಜಗತ್ತಿನಲ್ಲಿ ಈ ಥರದ್ದು ಇದೇ ಮೊದಲನೆಯದು. 1990ರಲ್ಲಿ ಮಾಸ್ಕೋದಲ್ಲೂ ನಡೆಸಿ ಬಂದರು. ಸಿನಿಮಾಗಳು ಇಸ್ರೇಲಿನವು ಮಾತ್ರ ಅಲ್ಲ, ಬೇರೆ ಬೇರೆ ದೇಶಗಳಿಂದ ಬರುತ್ತವೆ. ಯಾರು ಬೇಕಾದರೂ ಹೋಗಬಹುದು, ನೀವು ಯಾರು ಅಂತ ಬಾಗಿಲಲ್ಲಿ ಯಾರೂ ಕೇಳುವುದಿಲ್ಲ.

ಟಿಕೆಟ್ ಆನ್‌ಲೈನ್‌ನಲ್ಲೇ ತೆಗೆದುಕೊಳ್ಳಿ. ಎಷ್ಟೋ ವರ್ಷ ಮುಖ್ಯ ಪ್ರದರ್ಶನಗಳು 1922ರ ಹಳೇ ಕ್ಯಾಸ್ಟ್ರೋ ಥಿಯೇಟರಿನಲ್ಲಿ ಇರುತ್ತಿದ್ದವು. 2024ರಲ್ಲಿ ರಿಪೇರಿಗೆ ಅದನ್ನು ಮುಚ್ಚಿದಾಗ ಜಾಗ ಬದಲಾಯಿತು, ಈ ಸಲ ಎಲ್ಲಿ ಅಂತ ವಿಳಾಸ ನೋಡಿಕೊಂಡು ಹೊರಡಿ. ಕಾರಿಗಿಂತ ರೈಲು ವಾಸಿ.

ಬೇಗ ಹೋಗಿ. ನಮ್ಮ ಮದುವೆಮನೆಗೆ ಹೋದ ಹಾಗೆ ನಿಧಾನಕ್ಕೆ ಹೋಗಿ, ಟಿಕೆಟ್ ಕೈಯಲ್ಲಿದ್ದೂ ಸೀಟು ಕಳೆದುಕೊಂಡು, ಹೆಂಡತಿ ಮಗಳ ಜೊತೆ ವಾಪಸು ಬಂದಿದ್ದೇನೆ. ಸಿನಿಮಾ ಮುಗಿದ ತಕ್ಷಣ ಎದ್ದು ಬರಬೇಡಿ. ಎಷ್ಟೋ ಸಲ ನಿರ್ದೇಶಕರು ಬಂದು ಪ್ರಶ್ನೆಗಳಿಗೆ ಉತ್ತರ ಕೊಡುತ್ತಾರೆ. ಜನ ಅಲ್ಲಿ ಒಬ್ಬರನ್ನೊಬ್ಬರು ಒಪ್ಪದೆ ವಾದ ಮಾಡುತ್ತಾರೆ, ಅದನ್ನು ಕೇಳಬೇಕು. 2009ರಲ್ಲಿ ಒಂದು ಸಾಕ್ಷ್ಯಚಿತ್ರದ ಬಗ್ಗೆ ಅವರವರಲ್ಲೇ ದೊಡ್ಡ ಗಲಾಟೆ ಆಗಿತ್ತು. ಯಹೂದಿಗಳು ಎಲ್ಲರೂ ಹೀಗೆಯೇ ಅಂತ ಮನಸ್ಸಿನಲ್ಲಿ ಇಟ್ಟುಕೊಂಡು ಹೋದರೆ ಅರ್ಧ ಗಂಟೆಯಲ್ಲಿ ಅದು ಬಿದ್ದುಹೋಗುತ್ತದೆ.

ಈಗ ನಿಜವಾಗಿ ಹೇಳಬೇಕಾದ ಮಾತು. ನಮ್ಮಲ್ಲಿ ಸ್ವಲ್ಪ ಜೋರಿರುವ ಮೇಷ್ಟ್ರಿಗೆ, ಮಾವನಿಗೆ, ಮ್ಯಾನೇಜರಿಗೆ ಸಲೀಸಾಗಿ 'ಹಿಟ್ಲರ್' ಅಂತೀವಿ, ಅಲ್ವಾ? ಮೊದಲ ವರ್ಷ ಸಾಲಿನಲ್ಲಿ ನನ್ನ ಮುಂದೆ ಎಪ್ಪತ್ತು ದಾಟಿದ ಒಬ್ಬರು ನಿಂತಿದ್ದರು. ಮಾತು ಮನೆ, ಅಪ್ಪ, ಬೆಳೆದ ರೀತಿ ಅಂತ ಹೋಯಿತು. ನಮ್ಮಪ್ಪ ಮನೆಯಲ್ಲಿ ಹಿಟ್ಲರ್ ಇದ್ದ ಹಾಗೆ ಅಂತ ನಗುತ್ತಾ ಹೇಳಿಬಿಟ್ಟೆ. ಅವರು ಜಾಕೆಟ್ಟಿನ ಜಿಪ್ಪನ್ನು ಕತ್ತಿನವರೆಗೆ ಎಳೆದುಕೊಂಡು ಮುಂದಕ್ಕೆ ತಿರುಗಿದರು. ಸಾಲು ಒಂದಿಷ್ಟು ಸರಿಯಿತು. ಆಮೇಲೆ ತಿರುಗಿ, ದನಿ ಏರಿಸದೆ, "ನಮ್ಮ ತಂದೆಯ ಜೊತೆ ಹುಟ್ಟಿದವರು ಆರು ಜನ. ಯುದ್ಧ ಮುಗಿದಾಗ ಉಳಿದವರು ನಮ್ಮ ತಂದೆಯೊಬ್ಬರೇ" ಅಂದರು. 60 ಲಕ್ಷ ಯಹೂದಿಗಳನ್ನು ಕೊಂದರು ಅಂತ ನಾನು ಹೈಸ್ಕೂಲಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಮಾರ್ಕ್ಸೂ ತಗೊಂಡಿದ್ದೆ. ಕ್ಷಮೆ ಕೇಳಿದೆ. ಅವರು ಕೈ ಹಿಡಿದುಕೊಂಡರು. ಆ ಕೈ ತಣ್ಣಗಿತ್ತು. ಆ ಮಾತನ್ನು ಬಾಯಿಂದ ತೆಗೆದುಬಿಡಿ, ಕನ್ನಡದಲ್ಲೂ. ಮಕ್ಕಳು ಕಲಿಯುವುದು ನಮ್ಮಿಂದಲೇ.

ಯಹೂದಿಗಳು ನಮಗೆ ಅಷ್ಟೇನೂ ದೂರದವರಲ್ಲ. ಕೊಂಕಣ ಕರಾವಳಿಯಲ್ಲಿ ಬೆನೆ ಇಸ್ರೇಲಿಗಳು ಅನ್ನುವ ಯಹೂದಿಗಳು ಗಾಣದಿಂದ ಎಣ್ಣೆ ತೆಗೆಯುತ್ತಿದ್ದರು. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಅವರನ್ನು 'ಶನಿವಾರ ತೇಲಿ', ಅಂದರೆ ಶನಿವಾರದ ಗಾಣಿಗರು ಅಂತಲೇ ಕರೆಯುತ್ತಿದ್ದರು. ಮಾತಾಡುತ್ತಿದ್ದದ್ದು ಮರಾಠಿ. ಕೊಚ್ಚಿಯ ಪರದೇಸಿ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, 1568ರದು. 1947ರ ಮೊದಲ ಮಿಸ್ ಇಂಡಿಯಾ ಪ್ರಮೀಳಾ ಕೂಡ ಯಹೂದಿ, ನಿಜವಾದ ಹೆಸರು ಎಸ್ತರ್ ಅಬ್ರಹಾಂ. ಸಾಲಿನಲ್ಲಿ ನಿಂತಾಗ ಇಂಥದ್ದೊಂದು ಹೇಳಿ ನೋಡಿ, ಸುಮ್ನೆ ನಿಂತವರೂ ಹತ್ತಿರ ಬರುತ್ತಾರೆ.

ಯಿಡ್ಡಿಶ್ ಭಾಷೆಯ ಸಿನಿಮಾ ಇದ್ದರೆ ತಪ್ಪಿಸಬೇಡಿ. ಯುರೋಪಿನ ಯಹೂದಿಗಳ ಮನೆಮಾತು, ಯುದ್ಧಕ್ಕೆ ಮೊದಲು ಒಂದು ಕೋಟಿಗೂ ಜಾಸ್ತಿ ಜನ ಆಡುತ್ತಿದ್ದ ಭಾಷೆ ಅದು. ಮಗಳನ್ನು ಕರೆದುಕೊಂಡು ಹೋಗಿದ್ದೆ, ಆಗ ಅವಳಿಗೆ ಹನ್ನೊಂದು. ಒಂದು ತಮಾಷೆ ಬಂತು. ಮುಂದಿನ ಸಾಲುಗಳಲ್ಲಿ ನಾಲ್ಕೈದು ಬಿಳಿ ತಲೆಗಳು ಮೊದಲು ನಕ್ಕವು. ಸಬ್‌ಟೈಟಲ್ ಓದಿಕೊಂಡು ಇಡೀ ಥಿಯೇಟರ್ ಒಂದು ಕ್ಷಣ ತಡವಾಗಿ ನಕ್ಕಿತು. ಸಿನಿಮಾ ಮುಗಿಯುವವರೆಗೂ ಹೀಗೆಯೇ ನಡೆಯಿತು. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು, ಅವರ ಅಮ್ಮ ಅಪ್ಪ ಗುಟ್ಟು ಮಾತಾಡುವಾಗ ಮಾತ್ರ ಯಿಡ್ಡಿಶ್ ಆಡುತ್ತಿದ್ದರು, ಮಕ್ಕಳಿಗೆ ಕಲಿಸಲೇ ಇಲ್ಲ ಅಂದರು. ನಾವೂ ಮಗಳ ಮುಂದೆ ದುಡ್ಡಿನ ವಿಷಯಕ್ಕೆ, ಊರಿನ ಜಗಳದ ವಿಷಯಕ್ಕೆ ಮಾತ್ರ ಕನ್ನಡಕ್ಕೆ ಇಳಿಯುತ್ತಿದ್ದೆವು. ಉಳಿದದ್ದೆಲ್ಲ ಇಂಗ್ಲಿಷ್.

ಅದೇ ವರ್ಷ ದೀಪಾವಳಿಗೆ ಇಲ್ಲಿ ಒಂದು ಕನ್ನಡ ಸಿನಿಮಾ ಬಂತು. ಮೂವರೂ ಹೋದೆವು. ನಾನೂ ನನ್ನ ಹೆಂಡತಿಯೂ ನಕ್ಕೆವು. ಮಗಳು ಪರದೆಯ ಕೆಳಗೆ ಓದಿಕೊಂಡು, ನಾವು ನಕ್ಕು ಮುಗಿಸಿದ ಮೇಲೆ ನಕ್ಕಳು. ಆಮೇಲೆ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದಳು, "ಅಪ್ಪಾ, ಅವರು ನಿಜವಾಗಿ ಏನಂದರು?"