ಕೇಳಿದವರ ಬಾಯಲ್ಲೇ ಕತೆ ವಾಪಸ್ ಕೇಳಿದೆ: ಒಂದು ಪಾಡ್‌ಕಾಸ್ಟ್‌ನ ಅನುಭವ

"ಸೂಪರ್ ಮೇಡಂ", "ತುಂಬಾ ಚೆನ್ನಾಗಿದೆ", ಒಂದು ಹೆಬ್ಬೆರಳು, ಎರಡು ಕೈಮುಗಿಯೋ ಇಮೋಜಿ. ಪಾಡ್‌ಕಾಸ್ಟ್ ಮಾಡೋರಿಗೆ ಬರೋ ಅಭಿಪ್ರಾಯ ಬಹುಪಾಲು ಇಷ್ಟೇ ಇರುತ್ತೆ. ಬಂದಾಗ ಖುಷಿ ಆಗುತ್ತೆ, ಆದ್ರೆ ಮುಂದಿನ ಕತೆ ಹೇಗೆ ಮಾಡ್ಬೇಕು ಅನ್ನೋದಕ್ಕೆ ಇದ್ರಿಂದ ಏನೂ ಸಿಗಲ್ಲ. ನಾನು ಮೈಸೂರಲ್ಲಿ ಕೂತು ಕನ್ನಡದಲ್ಲಿ ಪ್ರಾಣಿ, ಪಕ್ಷಿ, ಹುಳ, ಮರ, ಅವುಗಳ ಹಿಂದಿರೋ ವಿಜ್ಞಾನ ಇದನ್ನೆಲ್ಲಾ ಕತೆ ಥರ ಹೇಳೋ ಒಂದು ಚಿಕ್ಕ ಪಾಡ್‌ಕಾಸ್ಟ್ ಮಾಡ್ತೀನಿ, ಒಂದೊಂದು ಎಪಿಸೋಡ್ ಹೆಚ್ಚೂ ಕಮ್ಮಿ 20 ನಿಮಿಷ. ಒಂಟಿಕೊಪ್ಪಲಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಶುರು ಮಾಡಿದ, ಅದಕ್ಕೆ ಆಕಾಶವಾಣಿ ಅನ್ನೋ ಹೆಸರು ಬಂದ ಊರು ಇದು, ಅದಕ್ಕೋ ಏನೋ ಇಲ್ಲಿ ಬರೀ ದನಿಯಲ್ಲೇ ವಿಷಯ ಹೇಳೋದನ್ನ ಕೂತು ಕೇಳೋ ಜನ ಇನ್ನೂ ಇದಾರೆ. ಅವರ ಮಾತನ್ನ ನಾನು ಹೇಗೆ ಕೇಳಿಸ್ಕೊಂಡೆ, ಯಾವುದನ್ನ ತಗೊಂಡೆ ಯಾವುದನ್ನ ಬಿಟ್ಟೆ ಅಂತ ಬರೀತಿದೀನಿ, ಈ ಕೆಲಸ ಶುರು ಮಾಡ್ಬೇಕು ಅಂತಿರೋರಿಗೆ ಉಪಯೋಗ ಆಗ್ಲಿ.

ಮೊದಲು ನಾನು ಬದಲಾಯಿಸಿದ್ದು ಪ್ರಶ್ನೆನ. "ಹೇಗಿತ್ತು?" ಅಂತ ಕೇಳಿದ್ರೆ ನಮ್ಮ ಜನ ಯಾವತ್ತೂ ಚೆನ್ನಾಗಿತ್ತು ಅಂತಲೇ ಹೇಳೋದು, ಮನೆಗೆ ಕರೆದು ಊಟ ಹಾಕಿದೋರ ಎದುರು ಸಾರಿಗೆ ಉಪ್ಪು ಕಮ್ಮಿ ಅಂತ ಯಾರು ತಾನೇ ಹೇಳ್ತಾರೆ. ಹಾಗಾಗಿ ಹೇಗಿತ್ತು ಅಂತ ಕೇಳೋದೇ ಬಿಟ್ಟೆ. ಅದರ ಬದಲು, ಎಪಿಸೋಡ್ ಕೇಳಿ ಒಂದೆರಡು ದಿನ ಆದ್ಮೇಲೆ, "ಆ ಕತೆನ ನಿಮ್ಮ ಮನೇಲಿ ಯಾರಿಗಾದ್ರೂ ಹೇಳೋ ಥರ ನನಗೆ ವಾಪಸ್ ಹೇಳಿ, ವಾಟ್ಸಾಪಲ್ಲಿ ವಾಯ್ಸ್ ಕಳ್ಸಿ ಸಾಕು" ಅಂದೆ. ಫಾರ್ಮ್ ಗೀರ್ಮ್ ಏನೂ ಇಲ್ಲ. ಟೈಪ್ ಮಾಡೋಕೆ ಬೇಜಾರು ಪಡೋರೂ, ಓದು ಬರಹ ಅಷ್ಟಾಗಿ ಇಲ್ಲದೋರೂ ದನಿಯಲ್ಲಿ ಆರಾಮಾಗಿ ಮಾತಾಡ್ತಾರೆ. ಹೀಗೆ ವಾಪಸ್ ಬಂದ ಕತೆಯಲ್ಲಿ ಏನು ಉಳಿದಿದೆ, ಏನು ಬಿದ್ದುಹೋಗಿದೆ, ಎಲ್ಲಿ ತಿರುಚಿಕೊಂಡಿದೆ ಅನ್ನೋದೇ ನಿಜವಾದ ಅಭಿಪ್ರಾಯ. ಚೆನ್ನಾಗಿದೆ ಅನ್ನೋದ್ರಲ್ಲಿ ಸೌಜನ್ಯ ಇರುತ್ತೆ, ನೆನಪಲ್ಲಿ ಸೌಜನ್ಯ ಇರಲ್ಲ, ನೆನಪಿದ್ರೆ ಇದೆ ಇಲ್ಲಾಂದ್ರೆ ಇಲ್ಲ.

ಗೆದ್ದಲು ಹುಳದ ಎಪಿಸೋಡ್ ತಗೊಳ್ಳಿ. ಅದ್ರಲ್ಲಿ ನಾನು ಹೇಳಿದ್ದು ಬೇಕಾದಷ್ಟು. ಹುತ್ತ ಕಟ್ಟೋದು ಹಾವಲ್ಲ ಗೆದ್ದಲು, ಹಾವು ಬರೀ ಬಂದು ಸೇರ್ಕೊಳ್ಳೋದು. ನಮ್ಮ ಕಡೆ ಹುತ್ತ ಕಟ್ಟೋ ಗೆದ್ದಲು ಮರನ ತಿಂದು ತಾನೊಬ್ಬನೇ ಜೀರ್ಣ ಮಾಡ್ಕೊಳ್ಳಲ್ಲ, ಹುತ್ತದ ಒಳಗೆ ತನ್ನ ಹಿಕ್ಕೆಯಿಂದಲೇ ಜೇನುತಟ್ಟೆ ಥರ ಒಂದು ಹಾಸು ಮಾಡಿ ಅದರ ಮೇಲೆ ಟರ್ಮಿಟೊಮೈಸಿಸ್ ಅನ್ನೋ ಶಿಲೀಂಧ್ರ ಬೆಳೆಸುತ್ತೆ, ಆ ಶಿಲೀಂಧ್ರ ಮರದ ನಾರನ್ನ ಒಡೆದು ಕೊಟ್ಮೇಲೆ ಅದನ್ನ ತಿನ್ನುತ್ತೆ. ಒಳಗಿನ ಶಾಖ 30 ಡಿಗ್ರಿ ಆಸುಪಾಸಲ್ಲೇ ಇರೋ ಹಾಗೆ, ಕೆಟ್ಟ ಗಾಳಿ ಹೊರಗೆ ಹೋಗೋ ಹಾಗೆ ಗೋಡೆ, ಕೊಳವೆ ಎಲ್ಲಾ ಇರುತ್ತೆ. ಮಳೆ ಬಿದ್ಮೇಲೆ ಹುತ್ತದ ಮೇಲೆ ಏಳೋ ಅಣಬೆ ಅದೇ ಶಿಲೀಂಧ್ರದ್ದು. ಇಷ್ಟೂ ಹೇಳಿದ್ದೆ. ವಾಪಸ್ ಬಂದಿದ್ದು? "ಗೆದ್ದಲು ಬೇಸಾಯ ಮಾಡುತ್ತಂತೆ" ಅಂತ ಎಲ್ಲರೂ ಹೇಳಿದ್ರು. ಹಾವು ಹುತ್ತ ಕಟ್ಟಲ್ಲ ಅನ್ನೋದೂ ಬಂತು. ಶಾಖ, ಗಾಳಿ, ಕೊಳವೆ ಬಗ್ಗೆ ಒಬ್ಬರೂ ಬಾಯಿ ಬಿಡ್ಲಿಲ್ಲ. ನನಗೆ ಅದು ತುಂಬಾ ಇಷ್ಟದ ಭಾಗ, ಬಿಡೋಕೆ ಮನಸ್ಸಿಲ್ಲ, ಹಾಗಾಗಿ ಮುಂದೆ ಅಂಥ ವಿಷಯ ಬಂದಾಗೆಲ್ಲಾ ಅದನ್ನ ವಿವರಣೆ ಥರ ಹೇಳೋದು ಬಿಟ್ಟು ಯಾರಿಗೋ ತೊಂದರೆ ಆದ ಹಾಗೆ ಹೇಳೋಕೆ ಶುರು ಮಾಡಿದೆ: ಹುತ್ತದ ಗೋಡೆ ಒಡೀತು, ಒಳಗೆ ಬಿಸಿ ಏರ್ತಾ ಇದೆ, ಬೆಳೆ ಹಾಳಾಗುತ್ತೆ, ಈಗ ಏನ್ ಮಾಡುತ್ತೆ ಹುಳ? ಹೀಗೆ ಹೇಳಿದ್ರೆ ಅದೇ ವಿಷಯ ವಾಪಸ್ ಬರುತ್ತೆ.

ಅದೇ ಎಪಿಸೋಡಿಗೆ ಮಂಡ್ಯ ಕಡೆ ಒಬ್ಬರು ವಯಸ್ಸಾದೋರು ಕಳಿಸಿದ ವಾಯ್ಸ್ ಇನ್ನೂ ಇಟ್ಕೊಂಡಿದೀನಿ. "ಅಲ್ಲ ಕಣವ್ವ, ನಾವು ಚಿಕ್ಕುಡುಗ್ರಾಗಿದ್ದಾಗ್ಲಿಂದ್ಲೂ ಗುಡುಗು ಬಂದ್ ಮಾರ್ನೆ ದಿನ ಆ ಹುತ್ತದ್ ತಾವ್ಕೇ ಓಯ್ತಿದ್ದೊ, ವರ್ಸಾ ವರ್ಸಾ ಅಲ್ಲೇ ಏಳ್ತಿತ್ತು ಅಣಬೆ, ಅದ್ಯಾಕೆ ಅಲ್ಲೇ ಏಳ್ತದೆ ಅಂತ ಈಗ ಗೊತ್ತಾಯ್ತು ನೋಡು." ಅವರಿಗೆ ಜಾಗ ಗೊತ್ತಿತ್ತು, ನನಗೆ ಕಾರಣ ಗೊತ್ತಿತ್ತು, ಎರಡೂ ಸೇರಿದಾಗ ಕತೆ ಪೂರ್ತಿ ಆಯ್ತು. ಆಮೇಲೆ ಅವರ ಅನುಮತಿ ಕೇಳಿ ಆ ದನಿನೇ ಇನ್ನೊಂದು ಎಪಿಸೋಡಲ್ಲಿ ಹಾಕಿದೆ, ನಾನು ಹೇಳಿದ ಯಾವ ವಾಕ್ಯಕ್ಕಿಂತಲೂ ಜನ ಅದನ್ನ ಜಾಸ್ತಿ ನೆನಪಿಟ್ಕೊಂಡ್ರು. ಅಲ್ಲಿಂದಾಚೆಗೆ ಕೇಳುಗರ ದನಿ ಬರೀ ಅಭಿಪ್ರಾಯ ಅಂತ ಪಕ್ಕಕ್ಕಿಡ್ತಿಲ್ಲ, ಎಷ್ಟೋ ಸಲ ಅದೇ ಮುಂದಿನ ಕತೆ.

ಮ್ಯೂಸಿಕ್ ವಿಷಯಕ್ಕೆ ಬರ್ತೀನಿ, ಜಗಳ ಜಾಸ್ತಿ ಆಗಿದ್ದು ಇಲ್ಲೇ. ಇಯರ್‌ಫೋನ್ ಹಾಕ್ಕೊಂಡು ಕುಕ್ಕರಹಳ್ಳಿ ಕೆರೆ ಸುತ್ತ ವಾಕ್ ಮಾಡೋರಿಗೆ ಹಿನ್ನೆಲೆ ಸಂಗೀತ ಬಹಳ ಇಷ್ಟ. ಅಡುಗೆಮನೇಲಿ ಫೋನ್ ಇಟ್ಕೊಂಡು ಕೇಳೋರು, ಮಂಡ್ಯ ಮೈಸೂರು ಮಧ್ಯ ಬಸ್ಸಲ್ಲಿ ಓಡಾಡೋರು, ಕೊಟ್ಟಿಗೇಲಿ ಹಾಲು ಕರೀತಾ ಕೇಳೋರು, ಇವರೆಲ್ಲಾ "ಏನೋ ಗುಂಯ್ ಅನ್ನುತ್ತೆ, ಮಾತೇ ಕೇಳ್ಸಲ್ಲ" ಅಂತ. ಎರಡೂ ನಿಜ. ಯಾರ ಮಾತು ಕೇಳೋದು ಅಂತ ಓಟ್ ಹಾಕಿಸಲಿಲ್ಲ ನಾನು, ಕಷ್ಟ ಪಡ್ತಿರೋರ ಕಡೆ ನಿಂತೆ, ಯಾಕಂದ್ರೆ ಸಂಗೀತ ಇಲ್ಲದಿದ್ರೂ ಇಯರ್‌ಫೋನ್‌ನೋರಿಗೆ ಕತೆ ತಲುಪುತ್ತೆ, ಮಾತು ಕೇಳಿಸದಿದ್ರೆ ಬಸ್ಸಲ್ಲಿರೋರಿಗೆ ಏನೂ ತಲುಪಲ್ಲ. ಈಗ ಸಂಗೀತ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಕತೆ ಹೋಗುವಾಗ ಮಾತ್ರ. ಆಡಾಸಿಟಿ ಅನ್ನೋ ಆಡಿಯೋ ಎಡಿಟ್ ಮಾಡೋ ಸಾಫ್ಟ್‌ವೇರಲ್ಲಿ ಮಾತಿನ ಏರಿಳಿತ ಸ್ವಲ್ಪ ಸಮ ಮಾಡಿ, ಒಟ್ಟು ಸದ್ದನ್ನ ಮೈನಸ್ 16 ಎಲ್‌ಯುಎಫ್‌ಎಸ್ (ಸದ್ದು ಕಿವಿಗೆ ಎಷ್ಟು ಜೋರು ಅಂತ ಅಳೆಯೋ ಲೆಕ್ಕ) ಹತ್ರ ಇಡ್ತೀನಿ, ಆಮೇಲೆ ಅಪ್‌ಲೋಡ್ ಮಾಡೋ ಮುಂಚೆ ಫೋನ್ ಸ್ಪೀಕರಲ್ಲೇ ಹಾಕಿ ನಲ್ಲಿ ಬಿಟ್ಟು ಪಾತ್ರೆ ತೊಳೀತಾ ಕೇಳ್ತೀನಿ. ಅಲ್ಲಿ ಕೇಳಿಸಿದ್ರೆ ಎಲ್ಲೆಡೆ ಕೇಳಿಸುತ್ತೆ. ರೆಕಾರ್ಡ್ ಮಾಡೋದು ಬಟ್ಟೆ ಬೀರು ಇರೋ ಚಿಕ್ಕ ರೂಮಲ್ಲಿ, ಕಿಟಕಿಗೆ ದಪ್ಪ ರಗ್ಗು ಕಟ್ಟಿ. ದುಬಾರಿ ಮೈಕ್‌ಗಿಂತ ಆ ರಗ್ಗು ಹೆಚ್ಚು ಕೆಲಸ ಮಾಡಿದೆ.

ಸಂಗೀತ ತೆಗೆದ ಜಾಗಕ್ಕೆ ನಿಜವಾದ ಸದ್ದು ಬಂತು. ಕೋಗಿಲೆ ಎಪಿಸೋಡಲ್ಲಿ ಗಂಡಿನ ಕುಹೂ ಹಾಕಿ ಆಮೇಲೆ ಹೆಣ್ಣಿನ ಕಿಕ್ ಕಿಕ್ ಕಿಕ್ ಅನ್ನೋ ದನಿ ಹಾಕಿದೆ. ಹಾಡೋದು ಕಪ್ಪಗಿರೋ ಗಂಡು, ಚುಕ್ಕೆ ಚುಕ್ಕೆ ಕಂದು ಬಣ್ಣದ ಹೆಣ್ಣು ಕಾಗೆ ಗೂಡಲ್ಲಿ ಮೊಟ್ಟೆ ಇಡೋದು ಅಂತ ಪುಸ್ತಕದಲ್ಲಿ ಓದಿರ್ತಾರೆ, ಆದ್ರೆ ಎರಡೂ ದನಿ ಒಟ್ಟಿಗೆ ಕೇಳಿದ್ಮೇಲೆ ಎಷ್ಟೋ ಜನ "ಈ ಕಿಕ್ ಕಿಕ್ ನಮ್ಮನೆ ಮಾವಿನಮರದಲ್ಲಿ ದಿನಾ ಕೇಳ್ತೀವಲ್ಲಾ, ಇದು ಕೋಗಿಲೆ ಅಂತ ಗೊತ್ತೇ ಇರ್ಲಿಲ್ಲ" ಅಂದ್ರು. ಒಬ್ಬ ಹುಡುಗ ಕಳಿಸಿದ ಸಲಹೆ ನನಗೆ ಬಹಳ ಹಿಡಿಸ್ತು: "ಅಕ್ಕಾ, ಹಕ್ಕಿ ಕೂಗುವಾಗ ನೀವು ಮಾತಾಡಬೇಡಿ." ಅಷ್ಟೇ. ಈಗ ಸದ್ದು ಬಂದ್ರೆ ಪೂರ್ತಿ ಬಿಟ್ಟುಬಿಡ್ತೀನಿ, ಅದು ಮುಗಿದ್ಮೇಲೆ ನನ್ನ ಮಾತು. ಸಾಧ್ಯ ಆದಷ್ಟು ಸದ್ದು ನಾನೇ ಬೆಳಗಿನ ಜಾವ ಕೆರೆ ಏರಿ ಮೇಲೆ, ಗಾಡಿ ಓಡಾಟ ಶುರುವಾಗೋ ಮುಂಚೆ ಹಿಡೀತೀನಿ. ಸಿಗದೇ ಇದ್ದದ್ದನ್ನ ಜೀನೋ ಕ್ಯಾಂಟೋ ಥರದ, ಜನ ಹಕ್ಕಿ ದನಿ ರೆಕಾರ್ಡ್ ಮಾಡಿ ಹಾಕೋ ವೆಬ್‌ಸೈಟಿಂದ ತಗೋಬಹುದು, ಆದ್ರೆ ಒಂದೊಂದು ರೆಕಾರ್ಡಿಂಗ್‌ಗೂ ಲೈಸೆನ್ಸ್ ಬೇರೆ ಬೇರೆ, ಕತ್ತರಿಸಿ ಬಳಸಬಹುದಾ, ಹೆಸರು ಹೇಳ್ಬೇಕಾ ಅಂತ ನೋಡ್ಕೊಂಡೇ ತಗೋಬೇಕು.

ಇನ್ನೊಂದು ದೊಡ್ಡ ಅಭಿಪ್ರಾಯಭೇದ, ಪ್ರಾಣಿಗಳಿಗೆ ಮನುಷ್ಯರ ಥರ ಮಾತು, ಮನಸ್ಸು ಕೊಡೋದು. ಮಕ್ಕಳಿಗೆ ಕೊಕ್ಕರೆ ಮಾತಾಡ್ಬೇಕು. ಕಾಲೇಜಲ್ಲಿ ಜೀವಶಾಸ್ತ್ರ ಪಾಠ ಮಾಡೋ ಒಬ್ಬರು "ತಾಯಿ ಪ್ರೀತಿ, ತ್ಯಾಗ ಅಂತೆಲ್ಲಾ ಹೇಳ್ಬೇಡಿ, ಅದು ವಿಜ್ಞಾನ ಅಲ್ಲ" ಅಂದ್ರು. ನಾನು ಕೊಕ್ಕರೆಬೆಳ್ಳೂರಿನ ಕತೆ ಮಾಡುವಾಗ ಇದನ್ನ ತುಂಬಾ ಯೋಚಿಸಿದೆ. ಮದ್ದೂರು ತಾಲ್ಲೂಕಿನ ಆ ಊರಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ (ಪೆಲಿಕನ್) ಎರಡೂ ಊರೊಳಗಿನ ಹುಣಸೆಮರಗಳ ಮೇಲೇ ಗೂಡು ಕಟ್ತವೆ, ಕೆಳಗೆ ಮನೆ, ಜಗಲಿ, ದನ, ಎಮ್ಮೆ. 2007ರಲ್ಲಿ ಅದನ್ನ ಸಮುದಾಯ ಮೀಸಲು ಪ್ರದೇಶ ಅಂತ ಘೋಷಣೆ ಮಾಡಿದ್ರು, ಆದ್ರೆ ಊರೋರು ಹಕ್ಕಿ ಜೊತೆ ಬದುಕ್ತಾ ಇರೋದು ಅದಕ್ಕಿಂತ ಎಷ್ಟೋ ಹಿಂದಿಂದ, ಹಿಕ್ಕೆನ ಗೊಬ್ಬರಕ್ಕೆ ಬಳಸ್ತಾರೆ, ಗೂಡಿಂದ ಬಿದ್ದ ಮರಿಗಳನ್ನ ಸಾಕಿ ಬಿಟ್ಟಿದಾರೆ. ನಡು ಮಧ್ಯಾಹ್ನದ ಬಿಸಿಲಲ್ಲಿ ದೊಡ್ಡ ಕೊಕ್ಕರೆ ಗೂಡಿನ ಮೇಲೆ ರೆಕ್ಕೆ ಹರಡಿ ನಿಂತು ಮರಿಗೆ ನೆರಳು ಮಾಡುತ್ತೆ. ಅಷ್ಟನ್ನ ಹೇಳಿ ಸುಮ್ಮನಾದೆ, ಪ್ರೀತಿ ಅಂತ ನಾನು ಹೇಳಲಿಲ್ಲ. ವಾಪಸ್ ಕತೆ ಹೇಳುವಾಗ ಅಜ್ಜಿಯಂದಿರು ಮಕ್ಕಳು ಎಲ್ಲಾ ತಾವೇ "ಎಷ್ಟು ಪ್ರೀತಿ ನೋಡಿ ಅದಕ್ಕೆ" ಅಂದ್ರು. ಅದು ಅವರ ಮಾತು, ಅವರಿಗೆ ಆ ಹಕ್ಕಿದೆ. ಹಕ್ಕಿ ಏನು ಮಾಡುತ್ತೆ ಅನ್ನೋದನ್ನ ಸರಿಯಾಗಿ ನೋಡಿ ಹೇಳೋದು ನನ್ನ ಕೆಲಸ.

ಎಲ್ಲಕ್ಕಿಂತ ತೂಕದ ಅಭಿಪ್ರಾಯ ಬಂದಿದ್ದು ಚಿರತೆ ಕತೆಗೆ. ಮಂಡ್ಯ ಜಿಲ್ಲೇಲಿ ಚಿರತೆ ಕಬ್ಬಿನ ಗದ್ದೆ ಸೇರೋದು ಹೊಸದೇನಲ್ಲ. ಆಳೆತ್ತರಕ್ಕೂ ಮೇಲೆ ಬೆಳೆದು ತಿಂಗಳುಗಟ್ಟಲೆ ಹಾಗೇ ನಿಲ್ಲೋ ಬೆಳೆ ಅದು, ಪಕ್ಕದಲ್ಲಿ ವಿಶ್ವೇಶ್ವರಯ್ಯ ನಾಲೆ ನೀರು, ಊರ ಸುತ್ತ ನಾಯಿ, ಹಂದಿ, ಬಚ್ಚಿಟ್ಕೊಳ್ಳೋಕೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ಮರಿ ಹಾಕೋದೂ ಅಲ್ಲೇ, ಕಟಾವು ಬಂದಾಗ ಮರಿ ಕಣ್ಣಿಗೆ ಬೀಳೋದು. ಈ ಕತೆನ ಊರಲ್ಲಿ ನಮ್ಮ ಅತ್ತೆ ಮನೆ ಜಗಲಿ ಮೇಲೆ ಕಬ್ಬು ಕಡಿಯೋಕೆ ಹೋಗೋ ಹೆಂಗಸರ ಜೊತೆ ಕೂತು ಕೇಳಿಸಿದೆ. ಮುಗಿದ್ಮೇಲೆ ಒಬ್ಬರು ಅಂದ್ರು, "ಚೆಂದಾಗೇಳ್ದೆ ಮಗಳೆ. ಗದ್ದೆಗಿಳಿಯೋರು ನಾವಲ್ವಾ, ಮರಿ ಕಂಡ್ರೆ ನಾವೇನ್ ಮಾಡ್ಬೇಕು, ಅದ್ನೂ ಏಳು." ಇಡೀ ಕತೆ ಚಿರತೆ ಕಣ್ಣಿಂದ ಹೋಗ್ತಾ ಇತ್ತು, ಅವರು ಅದಕ್ಕೆ ಇನ್ನೊಂದು ಕಣ್ಣು ಕೊಟ್ರು. ಮುಂದಿನ ಭಾಗ ಪೂರ್ತಿ ಅದರ ಬಗ್ಗೆನೇ ಮಾಡಿದೆ: ಮರಿ ಕಂಡ ತಕ್ಷಣ ಕಡಿಯೋದು ನಿಲ್ಸಿ, ಮುಟ್ಟಬೇಡಿ, ಎತ್ಕೊಂಡು ಫೋಟೋ ತೆಗೀಬೇಡಿ, ತಾಯಿ ಹತ್ರದಲ್ಲೇ ಇರಬಹುದು ಅಂತ ಗುಂಪಾಗಿ ಹಿಂದೆ ಸರೀರಿ, ಅರಣ್ಯ ಇಲಾಖೆಯೋರಿಗೆ ಫೋನ್ ಮಾಡಿ, ಮರಿ ಇದ್ದ ಜಾಗದಲ್ಲೇ ಇದ್ರೆ ತಾಯಿ ಸಾಮಾನ್ಯವಾಗಿ ರಾತ್ರಿ ಬಂದು ಬಾಯಲ್ಲಿ ಕಚ್ಕೊಂಡು ಸಾಗಿಸುತ್ತೆ, ಅದಕ್ಕೇ ಆ ರಾತ್ರಿ ಗದ್ದೆ ಖಾಲಿ ಬಿಡೋದು ಮುಖ್ಯ. ಈ ಭಾಗನ ಜನ ಊರಿಂದ ಊರಿಗೆ ಫಾರ್ವರ್ಡ್ ಮಾಡಿದ್ರು, ನನಗೆ ಗೊತ್ತೇ ಇಲ್ಲದ ಕಡೆಯಿಂದೆಲ್ಲಾ ಫೋನ್ ಬಂತು. ವಿಜ್ಞಾನ ಹೇಳುವಾಗ ಅದು ಯಾರ ಗದ್ದೇಲಿ ನಡೀತಿದೆ ಅಂತ ಕೇಳ್ಕೊಳ್ಳೋದು ಆ ಹೆಂಗಸರಿಂದ ಬಂದ ಅಭ್ಯಾಸ.

ಮಕ್ಕಳ ಅಭಿಪ್ರಾಯ ಮಾತಲ್ಲಿ ಸಿಗಲ್ಲ, ಮುಖ ನೋಡ್ಬೇಕು. ಅತ್ತಿಹಣ್ಣಿನ ಕತೆ ಒಂದು ಶಾಲೇಲಿ ಕೇಳಿಸಿದಾಗ ನಾನು ಹಿಂದೆ ಗೋಡೆಗೆ ಒರಗಿ ಕೂತಿದ್ದೆ. ಹೆಣ್ಣು ಕಣಜ ಕಾಯಿಯ ಚಿಕ್ಕ ತೂತಿಂದ ನುಗ್ಗುವಾಗ ರೆಕ್ಕೆ ಮುರಿದು ಬೀಳುತ್ತೆ ಅನ್ನೋ ಹೊತ್ತಿಗೆ ಎಲ್ಲರೂ ಗಪ್‌ಚುಪ್. ಅದು ಒಳಗಿಟ್ಟ ಮೊಟ್ಟೆಯಿಂದ ರೆಕ್ಕೆನೇ ಇಲ್ಲದೆ ಹುಟ್ಟೋ ಗಂಡು ಹೊರಗೆ ಹೋಗೋಕೆ ದಾರಿ ಕೊರೆದು ಕೊಟ್ಟು ಸಾಯುತ್ತೆ, ಹೊಸದಾಗಿ ಹುಟ್ಟಿ ಪರಾಗ ಹೊತ್ಕೊಂಡ ಹೆಣ್ಣು ಆ ದಾರೀಲಿ ಹಾರಿ ಹೋಗುತ್ತೆ ಅಂದಾಗ ಒಬ್ಬಳು ಪಕ್ಕದೋಳ ಕೈ ಹಿಡ್ಕೊಂಡ್ಳು. ಅತ್ತಿಯಲ್ಲಿ ಎಷ್ಟು ಜಾತಿ, ಯಾವ ಜಾತಿಗೆ ಯಾವ ಕಣಜ ಅಂತ ಶುರುವಾದ ಕೂಡ್ಲೇ ಬ್ಯಾಗ್ ಜಿಪ್ ಸದ್ದು. ಆಪ್‌ನಲ್ಲಿ ಕೇಳುಗರು ಎಲ್ಲಿ ಬಿಟ್ಟುಹೋದ್ರು ಅಂತ ಗ್ರಾಫ್ ತೋರ್ಸುತ್ತಲ್ಲ, ಅದೂ ಸರಿಸುಮಾರು ಅದೇ ಜಾಗದಲ್ಲಿ ಇಳೀತಿತ್ತು, ಆದ್ರೆ ಯಾಕೆ ಅಂತ ಗ್ರಾಫ್ ಹೇಳಲ್ಲ.

ತಗೊಳ್ಳದೇ ಬಿಟ್ಟ ಅಭಿಪ್ರಾಯಗಳೂ ಇವೆ. ನಾಗಮಣಿ, ಹಾವಿನ ದ್ವೇಷ ಇಂಥದ್ದು ಹಾಕಿ ವ್ಯೂಸ್ ಬರುತ್ತೆ ಅಂತ ಬಹಳ ಜನ ಪ್ರೀತಿಯಿಂದಲೇ ಹೇಳಿದಾರೆ, ಅದು ಆಗಲ್ಲ, ಹಾವಿನ ಬಗ್ಗೆ ಸುಳ್ಳು ನಂಬಿದ ಊರಲ್ಲಿ ಹಾವೂ ಸಾಯುತ್ತೆ, ಕಚ್ಚಿಸ್ಕೊಂಡೋರೂ ಆಸ್ಪತ್ರೆಗೆ ತಡವಾಗಿ ಹೋಗ್ತಾರೆ. ಐದು ನಿಮಿಷಕ್ಕೆ ಇಳಿಸಿ ಅನ್ನೋದನ್ನೂ ಬಿಟ್ಟೆ. ಉದ್ದ ಆಯ್ತು ಅಂತ ಯಾರಾದ್ರೂ ಅಂದ್ರೆ ನಾನು ಎಷ್ಟು ನಿಮಿಷ ಅಂತ ಕೇಳಲ್ಲ, ಎಲ್ಲಿ ಉದ್ದ ಅನ್ನಿಸ್ತು ಅಂತ ಕೇಳ್ತೀನಿ, ಬಹುತೇಕ ಒಂದೇ ಜಾಗ ತೋರಿಸ್ತಾರೆ, ಅದನ್ನ ಸರಿ ಮಾಡಿದ್ರೆ 20 ನಿಮಿಷ ಯಾರಿಗೂ ಉದ್ದ ಅನ್ನಿಸಲ್ಲ. ನೋವು ಎಲ್ಲಿದೆ ಅಂತ ಕೇಳುಗರು ಸರಿಯಾಗೇ ಹೇಳ್ತಾರೆ, ಔಷಧಿ ನಾವು ಹುಡುಕ್ಬೇಕು.

ಈಗ ಕಾವೇರಿಯ ನೀರುನಾಯಿ ಬಗ್ಗೆ ಬರೀತಿದೀನಿ. ಈ ಸಲ ರೆಕಾರ್ಡ್ ಮಾಡೋ ಮುಂಚೆನೇ ಶ್ರೀರಂಗಪಟ್ಟಣದ ಹತ್ರ ಮೀನು ಹಿಡಿಯೋರೊಬ್ಬರಿಗೆ ಫೋನಲ್ಲಿ ಕತೆ ಪೂರ್ತಿ ಹೇಳಿದೆ. ಬಲೆ ಹರಿಯೋದರ ಬಗ್ಗೆ ಅವರಿಗೆ ಹೇಳೋಕೆ ತುಂಬಾ ಇದೆ, ಮುಂದಿನ ಭಾನುವಾರ ಮೈಕ್ ತಗೊಂಡು ಬನ್ನಿ ಅಂದಿದಾರೆ.